ಲೋಡು ಪಿಕಪ್ ಹೊರಡುವಾಗ ನಡುಗಿದರೆ: ಕ್ಲಚ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಜೂನ್ ಕೊನೆಯ ವಾರ. ಮಳೆ ಹಿಡಿದು ಹತ್ತು ದಿನವಾಗಿತ್ತು. ಬೆಳಗ್ಗೆ ಏಳಕ್ಕೇ ಅಳಿಯನ ಫೋನು.

"ಮಾವ, ಕ್ಲಚ್ಚು ಹೋತು ಹೇಳಿ ಕಾಣ್ತು. ಕ್ಲಚ್ಚು ಬಿಟ್ಟಪ್ಪಗ ಗಾಡಿ ಇಡೀ ನಡುಗುತ್ತು."

"ಪೆಡಲು ಪೂರ್ತಿ ಬಿಟ್ಟ ಮೇಲೂ ನಡುಗುತ್ತೋ?"

"ಅದು ನೋಡಿದ್ದಿಲ್ಲೆ ಮಾವ."

ಅವನನ್ನು ದೂರುವ ಹಾಗಿಲ್ಲ. ನಾನೂ ಒಂದು ಕಾಲದಲ್ಲಿ ಅದನ್ನು ನೋಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಪಿಕಪ್ ಇದೇ ಥರ ನಡುಗಲು ಶುರುಮಾಡಿತು. ವರ್ಕ್‌ಶಾಪಿನಲ್ಲಿ ಕ್ಲಚ್ ಎಂದರು, ನಾನು ಹೂಂ ಎಂದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸತು ಹಾಕಿದರು. ಅಡಿಕೆ ಕೊಯ್ಲಿನ ಸಮಯದಲ್ಲಿ ಮೂರು ದಿನ ಗಾಡಿ ಇಲ್ಲ. ನಾಲ್ಕನೆಯ ದಿನ ಲೋಡು ಹಾಕಿ ತೋಟದಿಂದ ಮೇಲೆ ಹತ್ತಿಸಿದರೆ ಅದೇ ನಡುಕ, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ತಿಂಗಳ ನಂತರ ಬೇರೊಬ್ಬ ಮೆಕ್ಯಾನಿಕ್ ಗಾಡಿಯ ಅಡಿಗೆ ನುಸುಳಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಡುವಿಗೆ ಕೈ ಹಾಕಿ ಅಲುಗಿಸಿದರು. ಅದನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ರಬ್ಬರು ಸುತ್ತಲೂ ಹರಿದಿತ್ತು. ಅರ್ಧ ದಿನದ ಕೆಲಸ. ನನ್ನ ಹಳೆಯ ಕ್ಲಚ್ ಪ್ಲೇಟಿನಲ್ಲಿ ಇನ್ನೂ ಬೇಕಾದಷ್ಟು ಸವೆಯುವ ಭಾಗ ಉಳಿದಿತ್ತು. ಅದನ್ನು ಈಗಲೂ ಶೆಡ್ಡಿನಲ್ಲಿ ಇಟ್ಟಿದ್ದೇನೆ.

ಆಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಪರಿಚಯದವರ ಗಾಡಿಗಳನ್ನು ನೋಡುತ್ತ ಬಂದಂತೆ ಒಂದು ವಿಷಯ ಖಚಿತವಾಯಿತು. ಹೊರಡುವಾಗ ಬರುವ ತೊಂದರೆಯನ್ನು ಗಾಡಿ ಬಿಚ್ಚದೆಯೇ ಬಹುಪಾಲು ಪತ್ತೆಹಚ್ಚಬಹುದು. "ಏನಾಗುತ್ತದೆ" ಎಂದು ಕೇಳಿದರೆ ಸಾಲದು, "ಯಾವಾಗ ಶುರುವಾಗಿ ಯಾವಾಗ ನಿಲ್ಲುತ್ತದೆ" ಎಂದು ಕೇಳಬೇಕು.

ಗಾಡಿಯ ಸ್ವಭಾವ ಮೊದಲು

ನಮ್ಮಲ್ಲಿ ಹೆಚ್ಚಿನ ಹುಡುಗರು ಡ್ರೈವಿಂಗ್ ಕಲಿಯುವುದು ಸಣ್ಣ ಪೆಟ್ರೋಲ್ ಕಾರಿನಲ್ಲಿ. ಕೇರಳದ ಲೈಸೆನ್ಸ್ ಪರೀಕ್ಷೆಯ "ಎಚ್" ಹಾಕುವುದೂ ಸಮತಟ್ಟು ಮೈದಾನದಲ್ಲಿ, ಖಾಲಿ ಕಾರಿನಲ್ಲಿ. ಅಲ್ಲಿಂದ ನೇರ ಡೀಸೆಲ್ ಪಿಕಪ್ ಹತ್ತಿದರೆ ಕಾಲು ಕಾರಿನ ಅಭ್ಯಾಸವನ್ನೇ ಮಾಡುತ್ತದೆ: ಮೊದಲು ರೇಸ್, ಆಮೇಲೆ ಕ್ಲಚ್. ಪಿಕಪ್ಪಿಗೆ ಇದು ಸರಿಯಲ್ಲ. ಸರಿಯಲ್ಲ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ, ಏಕೆಂದರೆ ಲೆಕ್ಕ ತಿಳಿದ ಮೇಲೆ ಕಾಲು ತಾನಾಗಿ ತಿದ್ದಿಕೊಳ್ಳುತ್ತದೆ.

ಪಿಕಪ್ಪಿನ ಫಸ್ಟ್ ಗೇರಿನ ಅನುಪಾತ ಸುಮಾರು 4, ಹಿಂದಿನ ಹೌಸಿಂಗಿನದ್ದು (ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳು) ಮತ್ತೂ ಸುಮಾರು 4 ಎಂದು ಇಟ್ಟುಕೊಳ್ಳಿ. ಅಂದರೆ ಇಂಜಿನ್ 16 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಇಂಜಿನ್ ಐಡಲಿಂಗಿನಲ್ಲಿ, ಅಂದರೆ ರೇಸ್ ಮುಟ್ಟದೆ ಓಡುವಾಗ, ನಿಮಿಷಕ್ಕೆ 800 ಸುತ್ತು ಇದ್ದರೆ ಚಕ್ರ 50 ಸುತ್ತು. ಟಯರಿನ ಸುತ್ತಳತೆ 2.2 ಮೀಟರ್ ಹಿಡಿದರೆ ನಿಮಿಷಕ್ಕೆ 110 ಮೀಟರ್, ಗಂಟೆಗೆ ಆರೂವರೆ ಕಿಲೋಮೀಟರ್. ಬೇಗ ನಡೆಯುವ ಮನುಷ್ಯನ ವೇಗ ಅದು. ಗಾಡಿ ಅಷ್ಟು ವೇಗಕ್ಕೆ ಬಂದ ಕ್ಷಣದಿಂದ ಕ್ಲಚ್ ಪ್ಲೇಟ್ ಜಾರುವುದೇ ಇಲ್ಲ. 1,600 ಸುತ್ತಿಗೆ ರೇಸ್ ಕೊಟ್ಟು ಕ್ಲಚ್ ಬಿಟ್ಟರೆ ಗಾಡಿ ಗಂಟೆಗೆ 13 ಕಿಲೋಮೀಟರ್ ಮುಟ್ಟುವವರೆಗೂ ಪ್ಲೇಟು ಉಜ್ಜುತ್ತಲೇ ಇರಬೇಕು. ಹಾಗೆ ಉಜ್ಜುವಾಗ ಹುಟ್ಟುವ ಬಿಸಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ: ಸುತ್ತು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಸೆಕೆಂಡ್ ಗೇರಿನಲ್ಲಿ ಲೋಡು ಹೊರಡಿಸುವವರಿಗೂ ಇದೇ ಲೆಕ್ಕ. ಫಸ್ಟಿನಲ್ಲಿ ಆಗುವುದರ ಸುಮಾರು ಮೂರು ಪಟ್ಟು ಬಿಸಿಯನ್ನು ಪ್ಲೇಟು ತಿನ್ನುತ್ತದೆ. ಖಾಲಿ ಗಾಡಿಯಲ್ಲಿ, ಇಳಿಜಾರಿನಲ್ಲಿ ಸೆಕೆಂಡ್ ಸರಿ. ಕೆಂಪುಕಲ್ಲು ತುಂಬಿಸಿದ ಗಾಡಿಯನ್ನು ಸೆಕೆಂಡಿನಲ್ಲಿ ಎಬ್ಬಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ. ಈಗಿನ ಕಾಮನ್ ರೈಲ್ ಡೀಸೆಲ್ ಇಂಜಿನ್‌ಗಳಲ್ಲಿ ಐಡಲಿಂಗನ್ನು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕಾಯುತ್ತದೆ. ಕ್ಲಚ್ ಹಿಡಿದು ಸುತ್ತು ಕುಸಿಯತೊಡಗಿದರೆ ಅದು ತಾನಾಗಿ ಡೀಸೆಲ್ ಹೆಚ್ಚು ಕೊಟ್ಟು ಎತ್ತಿ ಹಿಡಿಯಲು ನೋಡುತ್ತದೆ. ಹಾಗಾಗಿ ಸಮತಟ್ಟಿನಲ್ಲಿ ಒಳ್ಳೆಯ ಸ್ಥಿತಿಯ ಪಿಕಪ್ಪು ರೇಸ್ ಮುಟ್ಟದೆಯೇ ಹೊರಡಬೇಕು. ಪರೀಕ್ಷೆ ಶುರುವಾಗುವುದು ಇಲ್ಲಿಂದ.

ಅಂಗಳದಲ್ಲೇ ಮಾಡುವ ಪರೀಕ್ಷೆ

ಸಮತಟ್ಟು ಜಾಗ, ಖಾಲಿ ಗಾಡಿ, ಇಂಜಿನ್ ಬಿಸಿಯಾಗಿರಬೇಕು, ಏಸಿ ಇದ್ದರೆ ಆಫ್. ಹ್ಯಾಂಡ್‌ಬ್ರೇಕ್ ಇಳಿಸಿ, ಫಸ್ಟ್ ಗೇರ್ ಹಾಕಿ, ಬಲಗಾಲನ್ನು ರೇಸಿನಿಂದ ಪೂರ್ತಿ ತೆಗೆದು ನೆಲದ ಮೇಲಿಡಿ. ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಕ್ಲಚ್ಚನ್ನು ನಾಲ್ಕೈದು ಸೆಕೆಂಡು ತೆಗೆದುಕೊಂಡು ಬಿಡಿ. ಹೀಗೆ ಮೂರು ಸಲ. ಆಮೇಲೆ ರಿವರ್ಸಿನಲ್ಲಿ ಮೂರು ಸಲ.

ಆರೂ ಸಲ ಗಾಡಿ ಮೆತ್ತಗೆ ಹೊರಟರೆ ಗಾಡಿಯಲ್ಲಿ ದೊಡ್ಡ ದೋಷ ಇಲ್ಲ, ಕಾಲಿನ ಅಭ್ಯಾಸ ತಿದ್ದಿದರೆ ಸಾಕು. ನನ್ನ ಅನುಭವದಲ್ಲಿ "ಕ್ಲಚ್ ಹೋಗಿದೆ" ಎಂದು ಹೇಳಿದವರಲ್ಲಿ ಹಲವರ ಗಾಡಿ ಈ ಪರೀಕ್ಷೆಯಲ್ಲಿ ಪಾಸಾಗಿದೆ. ಅವರ ತೊಂದರೆ ಎಲ್ಲಿತ್ತೆಂದರೆ ಕ್ಲಚ್ ಹಿಡಿಯುವ ಜಾಗಕ್ಕೆ ಬರುವವರೆಗೆ ನಿಧಾನ ಬಿಟ್ಟು, ಗಾಡಿ ಅಲುಗಿದ ಕೂಡಲೇ ಕಾಲನ್ನು ಎತ್ತಿಬಿಡುತ್ತಿದ್ದರು. ಆಗಬೇಕಾದದ್ದು ಇದರ ಉಲ್ಟಾ. ಕೆಳಗಿನ ಖಾಲಿ ಭಾಗವನ್ನು ಬೇಗ ದಾಟಬಹುದು, ಹಿಡಿಯುವ ಜಾಗದಲ್ಲಿ ಕಾಲು ಒಂದು ಕ್ಷಣ ನಿಲ್ಲಬೇಕು, ಚಕ್ರ ಅರ್ಧ ಸುತ್ತು ತಿರುಗಿದ ಮೇಲೆ ಉಳಿದದ್ದನ್ನು ಬಿಡಬೇಕು.

ಪಾಸಾಗದಿದ್ದರೆ ಹೇಗೆ ಫೇಲಾಯಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಡಿ. ನಡುಗಿತೇ, ಆಫ್ ಆಯಿತೇ, ಟಕ್ ಎಂದಿತೇ, ಗೇರೇ ಬೀಳಲಿಲ್ಲವೇ. ಎದುರಿಗೆ ಮಾತ್ರವೇ, ಹಿಂದಕ್ಕೂ ಉಂಟೇ. ಮೆಕ್ಯಾನಿಕ್ಕಿಗೆ ಈ ಕಾಗದ ಕೊಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ.

ನಡುಕ

ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲೇ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಗುರುತು: ಕ್ಲಚ್ಚಿನಿಂದ ಬರುವ ನಡುಕ ಪೆಡಲ್ ಪೂರ್ತಿ ಬಿಟ್ಟ ಕ್ಷಣಕ್ಕೆ ನಿಲ್ಲುತ್ತದೆ. ಇಂಜಿನ್ನಿನ ಜತೆ ತಿರುಗುವ ಭಾರದ ಚಕ್ರವೇ ಫ್ಲೈವೀಲ್; ಪ್ಲೇಟು ಅದರ ಮೇಲೆ ಜಾರುತ್ತ ಇರುವಾಗ ಒಮ್ಮೆ ಹಿಡಿದು ಒಮ್ಮೆ ಬಿಡುವುದೇ ಆ ನಡುಕ. ಪೂರ್ತಿ ಅಂಟಿಕೊಂಡ ಮೇಲೆ ಜಾರುವಿಕೆ ಇಲ್ಲ, ನಡುಕವೂ ಇರಲಾರದು. ಪೆಡಲಿನಿಂದ ಕಾಲು ತೆಗೆದ ಮೇಲೂ ಗಂಟೆಗೆ 20–25 ಕಿಲೋಮೀಟರ್‌ವರೆಗೆ ಸೀಟಿನ ಅಡಿಯಲ್ಲಿ ಗಡಗಡ ಎಂದು ಮುಂದುವರಿದರೆ ದೋಷ ಗೇರ್‌ಬಾಕ್ಸಿನಿಂದ ಹಿಂದೆ ಇದೆ. ನನ್ನ ಗಾಡಿ ಹೇಳುತ್ತಿದ್ದುದು ಇದನ್ನೇ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಿಂದಿನ ಭಾಗ ಎಂದಾದರೆ ನೋಡುವ ಕ್ರಮ ಹೀಗೆ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿ, ನಾಲ್ಕೂ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲಿಗೆ ತನ್ನಿ. ಕಲ್ಲು ಕೊಡದೆ ಯಾವ ಕಾರಣಕ್ಕೂ ಗಾಡಿಯ ಅಡಿಗೆ ಹೋಗಬೇಡಿ. ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದ್ದಾದರೆ ನಡುವೆ ಚಾಸಿಗೆ ಬಿಗಿದ ಸೆಂಟರ್ ಬೇರಿಂಗ್ ಇರುತ್ತದೆ. ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ರಬ್ಬರು ಸ್ವಲ್ಪ ಬಳುಕುವುದು ಸಹಜ. ಹರಿದ ಬಾಯಿ ಕಾಣಿಸಿದರೆ, ಅಥವಾ ಬೇರಿಂಗ್ ತನ್ನ ಗೂಡಿನೊಳಗೆ ಕುಟ್ಟಿದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಲೋಡು ಹಾಕಿದಾಗ ಹಿಂದಿನ ಹೌಸಿಂಗ್ ಮೇಲೆ ಬಂದು ಶಾಫ್ಟಿನ ಕೋನ ಬದಲಾಗುತ್ತದೆ. ಆದ್ದರಿಂದ ಹರಿದ ಸೆಂಟರ್ ಬೇರಿಂಗ್ ಖಾಲಿ ಗಾಡಿಯಲ್ಲಿ ಸುಮ್ಮನಿದ್ದು ಲೋಡಿನಲ್ಲಿ ಮಾತ್ರ ಗಲಾಟೆ ಮಾಡಬಹುದು. ಅದು ಸಿಕ್ಕಿಬೀಳದೆ ಉಳಿಯಲು ಇದೇ ಕಾರಣ.

ಆಮೇಲೆ ಕ್ರಾಸುಗಳು, ಅಂದರೆ ಶಾಫ್ಟಿನ ತುದಿಗಳಲ್ಲಿರುವ ಬಾಗುವ ಕೀಲುಗಳು. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಅದರ ಎದುರಿನ ಫೋರ್ಕ್ ಹಿಡಿದು ಎದುರುಬದುರು ತಿರುಗಿಸಿ. ಬೆರಳಿಗೆ ಸಡಿಲು ತಿಳಿದರೆ, ಅಥವಾ ಕ್ರಾಸಿನ ಕಪ್ಪಿನ ಸುತ್ತ ತುಕ್ಕಿನ ಪುಡಿ ಹೊರಬಂದಿದ್ದರೆ ಕ್ರಾಸ್ ಹೋಗಿದೆ. ಹೊರಡುವಾಗ ಒಂದೇ ಒಂದು ಸಲ "ಟಕ್" ಎನ್ನುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನು. ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ಗ್ರೀಸ್ ಹೊಡೆಸಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ತೋಡು ದಾಟುವ ಗಾಡಿಗಳಿಗೆ ಅದೂ ಸಾಲದು. ಹಾಗೆಯೇ ಹಿಂದಿನ ಲೀಫ್ ಪ್ಲೇಟನ್ನು (ಸ್ಪ್ರಿಂಗ್ ಪಟ್ಟಿಗಳನ್ನು) ಹೌಸಿಂಗಿಗೆ ಕಟ್ಟಿದ ಯೂ ಬೋಲ್ಟುಗಳ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಅವು ಸಡಿಲಾದರೆ ಹೊರಡುವ ಸೆಳೆತಕ್ಕೆ ಹೌಸಿಂಗೇ ಮಿಸುಕುತ್ತದೆ.

ನಡುಕ ಪೆಡಲ್ ಬಿಟ್ಟ ಕೂಡಲೇ ನಿಂತರೆ? ಆಗಲೂ ಕ್ಲಚ್ಚಿಗೆ ಹೋಗುವ ಮೊದಲು ಮೌಂಟಿಂಗ್ ನೋಡಬೇಕು. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂತಿರುವ ರಬ್ಬರುಗಳು ಜಗ್ಗಿ ಹೋಗಿದ್ದರೆ ಕ್ಲಚ್ ಹಿಡಿದಾಗ ಇಂಜಿನ್ ಒಂದು ಕಡೆಗೆ ಎದ್ದು ಮತ್ತೆ ಕೂರುತ್ತದೆ, ಆ ಕುಣಿತ ಪೆಡಲಿಗೂ ತಲುಪಿ ನಡುಕ ಇನ್ನಷ್ಟು ದೊಡ್ಡದಾಗುತ್ತದೆ. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಳಗೆ ಕೂತವರು ಫುಟ್‌ಬ್ರೇಕ್ ಗಟ್ಟಿ ಒತ್ತಿಕೊಂಡು ಫಸ್ಟಿನಲ್ಲಿ ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ಮಾತ್ರ ತರಲಿ, ಒಂದು ಸೆಕೆಂಡಿನಲ್ಲಿ ವಾಪಸ್ ಒತ್ತಲಿ. ಆಮೇಲೆ ರಿವರ್ಸಿನಲ್ಲಿ ಹಾಗೆಯೇ. ನೋಡುವವರು ಬದಿಯಲ್ಲಿ ನಿಲ್ಲಬೇಕು, ಗಾಡಿಯ ಎದುರೂ ಅಲ್ಲ, ಹಿಂದೆಯೂ ಅಲ್ಲ. ಇಂಜಿನ್ ಒಂದಿಂಚಿಗಿಂತ ಹೆಚ್ಚು ಎದ್ದರೆ ಆ ಬದಿಯ ಮೌಂಟಿಂಗ್ ಮೇಲೆ ಸಂಶಯ ಪಡಿ. ಎದುರು ಹೋಗುವಾಗ ನಯ, ರಿವರ್ಸಿನಲ್ಲಿ ಮಾತ್ರ ನಡುಕ ಎಂಬ ದೂರು ಬಂದರಂತೂ ಮೊದಲು ನೋಡಬೇಕಾದದ್ದು ಇದೇ.

ಇವೆಲ್ಲ ಸರಿ ಇದ್ದರೆ ಮಾತ್ರ ಕ್ಲಚ್. ಅದರಲ್ಲಿಯೂ ಮೂರು ಬಗೆ.

ಬೆಳಗ್ಗೆ ಮೊದಲ ಐದಾರು ಸಲ ಮಾತ್ರ ನಡುಗಿ ಆಮೇಲೆ ಸುಮ್ಮನಾದರೆ ಫ್ಲೈವೀಲಿನ ಮೇಲೆ ತುಕ್ಕಿನ ತೆಳು ಪದರ ಕೂತಿದೆ. ಮಳೆಗಾಲದಲ್ಲಿ ಗಾಡಿ ಒಂದು ವಾರ ಅಂಗಳದಲ್ಲಿ ನಿಂತರೆ ಇದು ಆಗಿಯೇ ಆಗುತ್ತದೆ. ಉಜ್ಜಿ ಹೋಗುವ ತುಕ್ಕು ಅದು, ಬಿಚ್ಚಿಸುವ ಅಗತ್ಯ ಇಲ್ಲ. ಕೆಲವೊಮ್ಮೆ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡು ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಆಗ ಕಂಬಿ ಹಾಕಿ ಗೇರ್ ಎಳೆದು ಜಗಳ ಮಾಡಬೇಡಿ. ಇಂಜಿನ್ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಮತ್ತೆ ಪ್ರಯತ್ನಿಸಿ, ಬಿಡದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ.

ಬಿಸಿಯಾದಷ್ಟೂ ನಡುಕ ಹೆಚ್ಚಿದರೆ ಫ್ಲೈವೀಲ್ ಅಥವಾ ಪ್ರೆಶರ್ ಪ್ಲೇಟ್ ಬೆಂದಿದೆ. ಹಾಫ್ ಕ್ಲಚ್ಚಿನಲ್ಲಿ, ಅಂದರೆ ಪೆಡಲ್ ಅರ್ಧ ಬಿಟ್ಟು, ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಬರುವುದು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66ರ ಆರು ಪಥದ ಕೆಲಸ ನಡೆದ ವರ್ಷಗಳಲ್ಲಿ ಸರ್ವಿಸ್ ರಸ್ತೆಯ ಸಾಲಿನಲ್ಲಿ ತೆವಳಿದ ಎಷ್ಟೋ ಗಾಡಿಗಳಿಗೆ ಈ ಗತಿಯಾಯಿತು. ಬಿಚ್ಚಿದಾಗ ಕಬ್ಬಿಣದ ಮೇಲೆ ನೀಲಿ ಕಪ್ಪು ಮಚ್ಚೆಗಳು ಕಾಣುತ್ತವೆ. ಆ ಮಚ್ಚೆ ಇದ್ದಲ್ಲಿ ಲೋಹ ಗಡುಸಾಗಿರುತ್ತದೆ. ಫ್ಲೈವೀಲನ್ನು ಲೇತಿಗೆ ಹಾಕಿಸದೆ ಹೊಸ ಪ್ಲೇಟ್ ಮಾತ್ರ ಹಾಕಿದರೆ ಸ್ವಲ್ಪ ದಿನಕ್ಕೆ ನಡುಕ ವಾಪಸ್ ಬರುತ್ತದೆ. ಲೇತಿಗೆ ಹಾಕಬಹುದಾದ ಗಟ್ಟಿ ಫ್ಲೈವೀಲೇ, ಒಳಗೆ ಸ್ಪ್ರಿಂಗ್ ಇರುವ ಎರಡು ಪದರದ್ದೇ ಎಂದು ಕೇಳಿಕೊಳ್ಳಿ. ಎರಡನೆಯದಾದರೆ ಕಂಪನಿ ಹೇಳಿದ ಅಳತೆ ಮೀರಿ ಕೈ ಹಾಕಲಾಗದು.

ಮೂರನೆಯದು ಎಣ್ಣೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಗಂಟೆಯಾಕಾರದ ಕವಚದ ತಳದಲ್ಲಿ ಸಣ್ಣ ತೂತು ಅಥವಾ ಸಂದು ಇರುತ್ತದೆ. ಅಲ್ಲಿ ಬೆರಳಾಡಿಸಿ. ಒದ್ದೆಯಾಗಿದ್ದರೆ ಮೂಸಿ ನೋಡಿ. ಕಪ್ಪಗೆ ಇದ್ದು ಸುಟ್ಟ ವಾಸನೆ ಬಂದರೆ ಇಂಜಿನ್ ಆಯಿಲ್, ಕ್ರ್ಯಾಂಕಿನ ಹಿಂದಿನ ಸೀಲ್ ಬಿಟ್ಟಿದೆ. ಗಂಧಕದ ಹಾಗೆ ಘಾಟು ಹೊಡೆದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಎದುರಿನ ಸೀಲ್. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ದಂಡ. ಪ್ಲೇಟು ಬದಲಿಸಬೇಕು, ಅದಕ್ಕಿಂತ ಮುಖ್ಯವಾಗಿ ಸೀಲು ಬದಲಿಸಬೇಕು. ಹೇಗೂ ಗೇರ್‌ಬಾಕ್ಸ್ ಇಳಿಸಿದ ಮೇಲೆ ಸೀಲುಗಳನ್ನೂ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗನ್ನೂ ಹಾಕಿಸದೆ ಮುಚ್ಚಲು ಬಿಡಬೇಡಿ.

ನಡುಗದೆ ಆಫ್ ಆದರೆ

ಗಾಡಿ ಸ್ವಲ್ಪವೂ ಕಂಪಿಸದೆ, ಕ್ಲಚ್ ಹಿಡಿದ ಕೂಡಲೇ ದೀಪ ಆರಿದ ಹಾಗೆ ಆಫ್ ಆದರೆ ಇಂಜಿನ್ ಕಡೆ ನೋಡಿ. ಐಡಲಿಂಗ್ ಸಾಮಾನ್ಯವಾಗಿ 750ರಿಂದ 850 ಸುತ್ತುಗಳ ನಡುವೆ ಸ್ಥಿರವಾಗಿರಬೇಕು. ಮುಳ್ಳು ಏರಿಳಿಯುತ್ತಿದ್ದರೆ ಡೀಸೆಲ್ ಫಿಲ್ಟರ್ ಮೊದಲು. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಗ್ಲಾಸಿಗೆ ಸ್ವಲ್ಪ ಇಳಿಸಿದರೆ ನೀರು ಕೆಳಗೆ ನಿಲ್ಲುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಡೀಸೆಲ್‌ಗೆ ನೀರು ಸೇರಿದೆ ಎನ್ನುವ ದೀಪ ಹೊತ್ತಿದರೆ ಮಾರನೆಯ ದಿನಕ್ಕೆ ತಳ್ಳಬೇಡಿ, ಇಂಜೆಕ್ಟರಿಗೆ ನೀರು ವಿಷ. ಫಿಲ್ಟರ್ ಬದಲಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಲೈನಿನಲ್ಲಿ ಗಾಳಿ ಸೇರಿರುತ್ತದೆ, ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬೇಕು.

ಬೇಸಗೆಯಲ್ಲಿ ಕೆಂಪುಕಲ್ಲಿನ ಕೋರೆಗೆ ಹೋಗುವ ಗಾಡಿಗಳ ಏರ್ ಫಿಲ್ಟರ್ ಒಂದೆರಡು ತಿಂಗಳಲ್ಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಹೊಗೆ, ಹೊರಡುವಾಗ ಸುಸ್ತು ಎರಡೂ ಒಟ್ಟಿಗೆ ಇದ್ದರೆ ಏರ್ ಫಿಲ್ಟರ್, ಅದು ಸರಿ ಇದ್ದರೆ ಮಸಿ ಹಿಡಿದು ತೆರೆದೇ ನಿಂತ ಇಜಿಆರ್ ವಾಲ್ವ್ (ಹೊಗೆಯ ಒಂದಂಶವನ್ನು ಇಂಜಿನ್ನಿಗೆ ವಾಪಸ್ ಬಿಡುವ ಬಾಗಿಲು). ಟರ್ಬೊ ಒತ್ತಿದ ಗಾಳಿಯನ್ನು ಸಾಗಿಸುವ ಇಂಟರ್‌ಕೂಲರ್ ಹೋಸ್ ಒಡೆದರೂ ಹೊಗೆ ಬರುತ್ತದೆ, ಆದರೆ ಅದು ಹೊರಡುವ ಕ್ಷಣಕ್ಕಿಂತ ಚಡಾವಿನ ಮಧ್ಯದಲ್ಲಿ ಹೆಚ್ಚು ತಿಳಿಯುತ್ತದೆ.

ಇನ್ನೊಂದು ಬಹಳ ಸರಳ ಕಾರಣವನ್ನು ಮರೆಯುತ್ತೇವೆ: ಹಿಂದಿನ ಬ್ರೇಕ್ ಹಿಡಿದುಕೊಂಡಿರುವುದು. ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟ ಗಾಡಿಯ ಶೂ ಡ್ರಮ್ಮಿಗೆ ಅಂಟುತ್ತದೆ, ಕೇಬಲ್ ತುಕ್ಕು ಹಿಡಿದು ವಾಪಸ್ ಬರುವುದಿಲ್ಲ. ನ್ಯೂಟ್ರಲಿನಲ್ಲಿ ಇಬ್ಬರು ತಳ್ಳಿದರೆ ಖಾಲಿ ಗಾಡಿ ಸಮತಟ್ಟಿನಲ್ಲಿ ಉರುಳಬೇಕು. ಉರುಳದಿದ್ದರೆ ಬೇರೆ ಯಾವುದನ್ನೂ ನೋಡಬೇಕಾಗಿಲ್ಲ.

ಪೆಡಲಿನ ಮಾತು

ಕ್ಲಚ್ ಹಿಡಿಯುವ ಜಾಗ ದಿನದಿಂದ ದಿನಕ್ಕೆ ಬದಲಾದರೆ, ಅಥವಾ ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಮೇಲಕ್ಕೆ ಬಂದರೆ, ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಇದೆ ಅಥವಾ ಲೀಕ್ ಇದೆ. ಕ್ಲಚ್ ಎಣ್ಣೆಯ ಡಬ್ಬಿಯ ಮಟ್ಟ ನೋಡಿ. ಸ್ಟೇರಿಂಗಿನ ಅಡಿಗೆ ಟಾರ್ಚ್ ಹಾಕಿ ಪೆಡಲಿನ ರಾಡ್ ಗೋಡೆ ಸೇರುವಲ್ಲಿ ಒದ್ದೆ ಇದೆಯೇ ನೋಡಿ, ಇದ್ದರೆ ಮಾಸ್ಟರ್ ಸಿಲಿಂಡರ್. ಗೇರ್‌ಬಾಕ್ಸಿನ ಬದಿಯ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಮಡಿಸಿದಾಗ ತೊಟ್ಟಿಕ್ಕಿದರೆ ಅದು. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ಸ್ಲೇವಿನ ಬ್ಲೀಡರ್ ಸ್ಕ್ರೂ ಸಡಿಲಿಸಿ ಗುಳ್ಳೆ ಬಿಟ್ಟು ಮತ್ತೆ ಬಿಗಿಯುವುದು. ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಏನಿದೆಯೋ ಅದನ್ನೇ ಹಾಕಿ. ಇಂಜಿನ್ ಆಯಿಲಿನ ಒಂದು ತೊಟ್ಟು ಹೋದರೂ ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಡಾಟ್ ಎಣ್ಣೆ ಗಾಳಿಯ ನೀರನ್ನು ಹೀರುತ್ತದೆ. ನಮ್ಮ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು.

ಕೇಬಲ್ ಕ್ಲಚ್ ಇರುವ ಗಾಡಿಗಳಲ್ಲಿ ಪೆಡಲಿನ ಮೇಲ್ಭಾಗದ ಸಡಿಲು ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಸಡಿಲೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ, ಹೆಚ್ಚಾದರೆ ಪೂರ್ತಿ ಬಿಡುವುದಿಲ್ಲ.

ಪೂರ್ತಿ ಬಿಡುತ್ತದೋ ಎಂದು ತಿಳಿಯಲು ಐಡಲಿಂಗಿನಲ್ಲಿ ಪೆಡಲ್ ನೆಲಕ್ಕೆ ಒತ್ತಿ ನಾಲ್ಕು ಎಣಿಸಿ ರಿವರ್ಸ್ ಹಾಕಿ. ಕರಕರ ಎಂದರೆ ಪ್ಲೇಟು ಇನ್ನೂ ತಿರುಗುತ್ತಿದೆ. ಇಂಥ ಗಾಡಿ ಹೊರಡುವಾಗ ಮುಂದಕ್ಕೆ ಹಾರುತ್ತದೆ, ಏಕೆಂದರೆ ಹಿಡಿಯುವ ಜಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಸಾಮಾನು ಬಿಚ್ಚುವ ಮೊದಲು ಕಾಲಡಿಯ ಮ್ಯಾಟ್ ತೆಗೆದು ಇನ್ನೊಮ್ಮೆ ನೋಡಿ. ಒಬ್ಬರ ಗಾಡಿಯಲ್ಲಿ ದಪ್ಪ ತೆಂಗಿನ ನಾರಿನ ಮ್ಯಾಟು ಎದುರಿಗೆ ಜಾರಿ ಪೆಡಲಿನ ಅಡಿಯಲ್ಲಿ ಮಡಿಸಿ ಕೂತಿತ್ತು. ಪೆಡಲ್ ಕೊನೆಯ ಒಂದಿಂಚು ಇಳಿಯುತ್ತಲೇ ಇರಲಿಲ್ಲ.

ಜಾರುವ ಕ್ಲಚ್ ಹೊರಡುವಾಗ ನಯವಾಗಿಯೇ ಇರುತ್ತದೆ, ಅದರ ದೂರು ಚಡಾವಿನಲ್ಲಿ. ಫೋರ್ತ್ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನಲ್ಲಿ ಚಡಾವು ಹತ್ತುತ್ತ ರೇಸ್ ಪೂರ್ತಿ ಒತ್ತಿದಾಗ ಸುತ್ತು ಏರಿ ವೇಗ ಏರದಿದ್ದರೆ ಪ್ಲೇಟು ಮುಗಿದಿದೆ. ಇಲ್ಲಿ ವಾದ ಬೇಡ, ಬದಲಿಸಿ.

ತೋಟದಿಂದ ಮೇಲಕ್ಕೆ

ನಮ್ಮ ಅಡಿಕೆ ತೋಟಗಳಿರುವುದು ತಗ್ಗಿನಲ್ಲಿ, ಮನೆ ಮತ್ತು ರಸ್ತೆ ಗುಡ್ಡೆಯಲ್ಲಿ. ನಡುವೆ ಏಳು ಅಡಿಗೆ ಒಂದು ಅಡಿ ಏರುವ ಮಣ್ಣಿನ ಚಡಾವು ಸಾಮಾನ್ಯ. ಲೋಡು ಸೇರಿ 3,000 ಕಿಲೋ ತೂಗುವ ಗಾಡಿ ಅಂಥಲ್ಲಿ ಹಿಂದೆ ಜಾರದೆ ಮೆಲ್ಲ ಹತ್ತಬೇಕಾದರೆ ಫಸ್ಟ್ ಗೇರಿನಲ್ಲಿ ಇಂಜಿನ್ ಸುಮಾರು 110 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕು. 2.5 ಲೀಟರಿನ ಪಿಕಪ್ ಇಂಜಿನ್‌ಗಳು 1,400ರಿಂದ 2,200 ಸುತ್ತುಗಳಲ್ಲಿ 200ರ ಹತ್ತಿರ ಕೊಡುತ್ತವೆ, ಆದರೆ ಐಡಲಿಂಗಿನಲ್ಲಿ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಸಮತಟ್ಟಿನಲ್ಲಿ ರೇಸ್ ಬೇಡ ಎಂದವನು ಚಡಾವಿನಲ್ಲಿ ರೇಸ್ ಬೇಕು ಎನ್ನುವುದು ಇದಕ್ಕೇ. ಎಷ್ಟು ಬೇಕು? 1,300ರಿಂದ 1,500. ಅದಕ್ಕಿಂತ ಹೆಚ್ಚು ಕೊಟ್ಟದ್ದೆಲ್ಲ ಪ್ಲೇಟಿನ ಬಿಸಿ.

ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದಿರಲಿ. ರೇಸ್ ಅಷ್ಟಕ್ಕೆ ತಂದು ಹಿಡಿದು ಕ್ಲಚ್ ಬಿಡುತ್ತ ಬನ್ನಿ. ಇಂಜಿನ್ನಿನ ದನಿ ಒಂದು ಮೆಟ್ಟಿಲು ಇಳಿಯುತ್ತದೆ, ಬಾನೆಟ್ ತುಸು ತಲೆ ಎತ್ತುತ್ತದೆ. ಕಾಲು ಅಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ಹಿಂದೆ ಬಾರದೆ ಎದುರು ಅಲುಗಿದ ಮೇಲೆ ಒಂದು ಸೆಕೆಂಡಿನಲ್ಲಿ ಉಳಿದ ಕ್ಲಚ್ ಬಿಡಿ. ಎದುರಿಂದ ಜೀಪು ಬಂತೆಂದು ಹಾಫ್ ಕ್ಲಚ್ಚಿನಲ್ಲೇ ತೂಗಾಡಬೇಡಿ, ಹ್ಯಾಂಡ್‌ಬ್ರೇಕ್ ಎಳೆದು ಕಾಯಿರಿ. ಹ್ಯಾಂಡ್‌ಬ್ರೇಕ್ ಹಿಡಿಯದ ಗಾಡಿಯನ್ನು ಚಡಾವಿಗೆ ಇಳಿಸುವುದೇ ತಪ್ಪು. ಮೊದಲು ಅದನ್ನು ಸರಿಮಾಡಿಸಿ. ಹಿಂದೆ ಆಳುಗಳು ಗೋಣಿ ಹಿಡಿದು ನಿಂತಿದ್ದರೆ ಅವರು ಬದಿಗೆ ಸರಿದ ಮೇಲೆಯೇ ಕ್ಲಚ್ಚಿಗೆ ಕೈ ಹಾಕುವುದು.

ಖಾಲಿ ಗಾಡಿ ಕೆಂಪು ಜಲ್ಲಿ ಮಣ್ಣಿನ ಚಡಾವಿನಲ್ಲಿ ಮಾತ್ರ ಧಡಧಡ ಎಂದು ಕುಣಿದು, ಕಾಂಕ್ರೀಟಿನ ಮೇಲೆ ಸುಮ್ಮನಿದ್ದರೆ ಅದು ಯಾವ ದೋಷವೂ ಅಲ್ಲ. ಹಿಂದೆ ತೂಕ ಇಲ್ಲದ ಚಕ್ರ ಜಾರಿ, ಹಿಡಿದು, ಮತ್ತೆ ಜಾರುವಾಗ ಲೀಫ್ ಪ್ಲೇಟು ತಿರುಚಿ ಬಿಡುವ ಕುಣಿತ. ಕ್ಲಚ್ ನಡುಕ ಎಂದು ತಪ್ಪು ತಿಳಿಯುವುದು ತುಂಬ ಸುಲಭ. ಆ ಹೊತ್ತಿಗೆ ರೇಸ್ ಬಿಡಬೇಕು, ಹೆಚ್ಚಿಸಬಾರದು, ಹೆಚ್ಚಿಸಿದರೆ ಕ್ರಾಸ್ ಮುರಿಯುತ್ತದೆ. ಹಿಂದಿನ ಚಕ್ರದ ಮೇಲಕ್ಕೆ ನಾಲ್ಕು ಗೋಣಿ ಮಣ್ಣು ಹೇರಿ, ಸೆಕೆಂಡ್ ಗೇರಿನಲ್ಲಿ ಕಡಿಮೆ ರೇಸಿಗೆ ಹತ್ತಿಸಿ ನೋಡಿ. ಟಯರಿನ ಹಲ್ಲು ಸವೆದಿದ್ದರೆ ಮಳೆಗಾಲಕ್ಕೆ ಮೊದಲು ಬದಲಿಸಿ.

ಅಳಿಯನ ಗಾಡಿ

ಆ ದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಅವನ ಮನೆಗೆ ಹೋದೆ. ಗಾಡಿ ಹತ್ತು ದಿನ ಅಂಗಳದಲ್ಲಿ ನೆನೆದಿತ್ತು. ಅಂಗಳದ ಪರೀಕ್ಷೆ ಮಾಡಿಸಿದೆ. ನಡುಕ ಪೆಡಲ್ ಬಿಟ್ಟ ಕೂಡಲೇ ನಿಲ್ಲುತ್ತಿತ್ತು, ಎದುರಿಗೂ ಹಿಂದಕ್ಕೂ ಒಂದೇ ಥರ. ಮೌಂಟಿಂಗ್ ಗಟ್ಟಿ ಇತ್ತು. ಎಂಟು ಹತ್ತು ಸಲ ರೇಸಿಲ್ಲದೆ ಅಂಗಳದಲ್ಲೇ ಎದುರು ಹಿಂದೆ ಮಾಡಿಸುತ್ತಿದ್ದ ಹಾಗೆ ನಡುಕ ಇಳಿಯುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ತುಕ್ಕೇ ಎಂದು ಗೊತ್ತಾಯಿತು.

ಆದರೆ ಗಾಡಿಯ ಅಡಿಗೆ ಬಗ್ಗಿ ಕವಚದ ಸಂದಿಗೆ ಬೆರಳಾಡಿಸಿದರೆ ಅಲ್ಲಿ ಸ್ವಲ್ಪ ಪಸೆ ಇತ್ತು. ಕಪ್ಪು, ಇಂಜಿನ್ ಆಯಿಲ್. ತೊಟ್ಟಿಕ್ಕುವಷ್ಟಲ್ಲ, ಪ್ಲೇಟಿಗೆ ತಲುಪಿದ ಲಕ್ಷಣವೂ ಇಲ್ಲ. ಬಟ್ಟೆಯಲ್ಲಿ ಒರೆಸಿ, ಆ ದಿನದ ಕಿಲೋಮೀಟರನ್ನು ಡ್ಯಾಶ್‌ಬೋರ್ಡಿನ ಬದಿಯಲ್ಲಿ ಅಂಟುಪಟ್ಟಿಯ ಮೇಲೆ ಬರೆದಿಟ್ಟೆವು. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಬೆರಳಾಡಿಸಿ ನೋಡುವುದು, ಹೆಚ್ಚಿದ್ದರೆ ಮಳೆ ಮುಗಿದು ಕೊಯ್ಲು ಶುರುವಾಗುವ ಮೊದಲು ಸೀಲು ಹಾಕಿಸುವುದು ಎಂದು ಮಾತಾಯಿತು. ಅಷ್ಟರವರೆಗೆ ಗಾಡಿ ನಿಲ್ಲುವುದು ಅಡಿಕೆ ಶೆಡ್ಡಿನ ಮಾಡಿನ ಅಡಿಯಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ, ಚಕ್ರಕ್ಕೆ ಎರಡು ಕೆಂಪುಕಲ್ಲು ಕೊಟ್ಟು.